ಮೊಳೆಗೆ ತೂಗುಹಾಕಿದ ಸೈನ್ಸ್

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಪವರ್‌ಲೂಮ್ ಮಾಲೀಕರೊಬ್ಬರಿದ್ದರು. ಅವರ ಮಗ್ಗಗಳು ಶುರುವಾದರೆ ನಮ್ಮ ಅಡುಗೆಮನೆಯ ಲೋಟಗಳೂ ನಡುಗುತ್ತಿದ್ದವು. ಅಂಥ ಮನುಷ್ಯ ದುಡ್ಡು ಕೊಟ್ಟು, ಮೊಬೈಲಿನಲ್ಲಿ, ವಿದೇಶಿ ಗುರುಮಾತೆಯೊಬ್ಬಳಿಂದ ಕಂಪನ ಎಂದರೇನೆಂದು ಕಲಿತರು. ಅಂದಿನಿಂದ ನೂಲು ಹರಿದರೂ, ಸೀರೆ ಮಾರದಿದ್ದರೂ, ನನಗೆ ನೆಗಡಿಯಾದರೂ, ಕಣ್ಣು ಅರೆಮುಚ್ಚಿ ಅಂಗೈ ಮೇಲೆತ್ತಿ ಒಂದೇ ಮಾತು: "ಎಲ್ಲಾ ವೈಬ್ರೇಶನ್ ರೀ. ಖರೇ ಸೈನ್ಸ್ ಇದು." ನಮ್ಮ ಗೋಡೆ ಬಿರುಕು ಬಿಟ್ಟದ್ದನ್ನು ತೋರಿಸಿದಾಗಲೂ ಅದನ್ನೇ ಹೇಳಿದರು. ಆಗೊಮ್ಮೆ ಮಾತ್ರ ಅವರ ಮಾತು ನಿಜವಾಗಿತ್ತು.

ಅವರ ತಾಯಿ ಮಗ್ಗದ ಮೇಲಿನ ಮೊಳೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದರು. ಒಂದು ದಿನ ಮಾಲೀಕರು ನನ್ನೆದುರೇ ಅದನ್ನು ಕಿತ್ತು ಹೊರಗೆಸೆದರು.

"ಯವ್ವಾ, ಈ ಮೂಢನಂಬಿಕಿ ಸಾಕು ಬೇ. ಜಗತ್ತು ಎಲ್ಲೀಮಟಾ ಹೋಗೈತಿ, ಗೊತ್ತೈತೇನು?"

ಜಗತ್ತು ಹೆಚ್ಚು ದೂರವೇನೂ ಹೋಗಿರಲಿಲ್ಲ. ಅದೇ ಮೊಳೆಗೆ, ಅದೇ ದಾರದಿಂದ, ಮಾಲೀಕರು ಕೊರಿಯರ್‌ನಲ್ಲಿ ಬಂದ ನೇರಳೆ ಬಣ್ಣದ ಕಲ್ಲೊಂದನ್ನು ಕಟ್ಟಿದರು. ಅದು ಕೆಟ್ಟ ಶಕ್ತಿಯನ್ನೆಲ್ಲ ಹೀರುತ್ತದಂತೆ. ಹಿಂದೊಮ್ಮೆ ಪಶ್ಚಿಮದ ಮಂತ್ರವಾದಿಗಳು ಗುಟ್ಟಿನ ಕೂಟಗಳಲ್ಲಿ ಪಿಸುಗುಟ್ಟಿದ ಇಂಥ ನಂಬಿಕೆಯೇ ಕಾಲಾಂತರದಲ್ಲಿ ಸೂಟು ಹೊಲಿಸಿಕೊಂಡು, ಸೈನ್ಸ್ ಎಂದು ಹೆಸರು ಬದಲಿಸಿಕೊಂಡು ಬನಹಟ್ಟಿ ಮುಟ್ಟಿತ್ತು.

ತಾಯಿ ತಲೆಯೆತ್ತಿ ಆ ಕಲ್ಲನ್ನೇ ಬಹಳ ಹೊತ್ತು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

"ಛಲೋ ಐತೋ ಯಪ್ಪಾ. ನನ್ನ ಲಿಂಬಿಹಣ್ಣು ಅಮಾಸಿ ಬರೂದ್ರಾಗ ಒಣಗತಿತ್ತು, ತಗದು ಒಗೀತಿದ್ದೆ. ಇದನ್ನ ಯಾವ ಅಮಾಸಿಗೆ ಒಗೀಬೇಕು?"