ಛತ್ರಿ ಹಿಡಿದವಳ ಕೊನೆಯ ಕಂತು

ಮೂಲ ಕಥೆಯಲ್ಲಿ ಅವಳು ಬರುವುದು ಒಂದೇ ಸಲ, ಅದೂ ಅರ್ಧ ನಿಮಿಷ. ಮಳೆ ಸುರಿಯುತ್ತಿರುತ್ತದೆ. ಶಾಲೆಯ ಗೇಟಿನಿಂದ ನಾಯಕಿ ಹೊರಗೆ ಬರುತ್ತಾಳೆ, ಕಣ್ಣು ಮುಚ್ಚಿ ಮನಸ್ಸಿನಲ್ಲಿ ಅಂದುಕೊಂಡರೆ ಸಾಕು ಕಬ್ಬಿಣವನ್ನೂ ಕರಗಿಸುವ ಹುಡುಗಿ. ಅವಳ ತಲೆ ನೆನೆಯದ ಹಾಗೆ ಪಕ್ಕದಲ್ಲಿ ಇನ್ನೊಬ್ಬಳು ಛತ್ರಿ ಹಿಡಿದು ನಡೆಯುತ್ತಾಳೆ. ಹಿಡಿದವಳ ಅರ್ಧ ಮೈ ತೊಯ್ದು ತೊಪ್ಪೆಯಾಗಿರುತ್ತದೆ. ಅವಳಿಗೆ ಹೆಸರಿಲ್ಲ, ಮಾತಿಲ್ಲ. ಜಪಾನಿನಲ್ಲಿ ಯಾರಿಗೋ ಈ ಛತ್ರಿಯವಳ ಮೇಲೆ ಮನಸ್ಸು ಬಂದಿರಬೇಕು. ಅವಳನ್ನೇ ನಾಯಕಿ ಮಾಡಿ ಬೇರೆಯದೇ ಒಂದು ಅನಿಮೆ ಸರಣಿ, ಅಂದರೆ ಅವರ ಕಡೆಯ ಕಾರ್ಟೂನು, ತೆಗೆದರು. ರಾಣೆಬೆನ್ನೂರಿನ ಒಂದು ಮನೆಯ ಮೇಲಿನ ಕೋಣೆಯಲ್ಲಿ, ಒಂಬತ್ತನೇ ಕ್ಲಾಸಿನ ನಾವು ನಾಲ್ಕು ಹುಡುಗಿಯರು ಶನಿವಾರಕ್ಕೊಂದು ಕಂತಿನಂತೆ ಅದನ್ನು ಫೋನಿನಲ್ಲಿ ನೋಡಿದೆವು. ನೋಡಿದೆವು ಅನ್ನುವುದು ಪೂರ್ತಿ ಖರೆಯಲ್ಲ. ಮೂವರು ನೋಡಿದರು, ನಾನು ಬಹಳ ದಿನ ಬರೀ ಕೇಳಿಸಿಕೊಂಡೆ.

ಆ ಸರಣಿಯಲ್ಲಿ ಸಮುದ್ರದ ನಡುವೆ ಒಂದು ಪಟ್ಟಣ. ಅಲ್ಲಿ ಇರುವುದೆಲ್ಲ ಶಾಲೆಗಳೇ. ಪ್ರತಿ ಹುಡುಗಿಗೂ ಒಂದೊಂದು ಶಕ್ತಿ. ಒಬ್ಬಳು ಸದ್ದನ್ನು ನಿಲ್ಲಿಸುತ್ತಾಳೆ, ಒಬ್ಬಳು ಗೋಡೆಯಾಚೆ ನೋಡುತ್ತಾಳೆ. ವರ್ಷಕ್ಕೊಮ್ಮೆ ಎಲ್ಲರನ್ನೂ ಗಾಜಿನ ಯಂತ್ರದೊಳಗೆ ಕೂರಿಸಿ ಯಾರ ಶಕ್ತಿ ಎಷ್ಟು ಎಂದು ಅಳೆಯುತ್ತಾರೆ. ಅಳೆದಾಗ ದೀಪ ಹತ್ತದವರಿಗೆ 'ಖಾಲಿ' ಎಂದು ಹೆಸರು. ಛತ್ರಿಯವಳು ಖಾಲಿ. ಖಾಲಿಯವರು ಉಳಿದವರ ಸಾಮಾನು ಹೊರಬೇಕು, ಕಸ ಗುಡಿಸಬೇಕು, ಮಳೆ ಬಂದರೆ ಛತ್ರಿ ಹಿಡಿಯಬೇಕು. ಮುಂದೆ ಎಂದಾದರೂ ಇವಳಿಗೂ ದೀಪ ಹತ್ತುತ್ತದೆ ಎಂದು ನಾನು ಮೊದಲ ಕಂತಿನಿಂದಲೇ ನಂಬಿದ್ದೆ. ಹತ್ತದೇ ಇದ್ದರೆ ಇಷ್ಟು ಉದ್ದ ಕಥೆ ಯಾಕೆ ಮಾಡುತ್ತಾರೆ?

ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮದು ಬ್ಯಾಡಗಿ. ಅಮ್ಮಿ ಮೆಣಸಿನಕಾಯಿ ದಲಾಲಿ ಮಾಡುವ ಒಬ್ಬ ಅಡತಿ ಸಾವಕಾರರ ಗೋದಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಸಾವಕಾರರ ಮಗಳಿಗೂ ನನಗೂ ಒಂದೇ ವಯಸ್ಸು. ಅವಳನ್ನು ರಾಣೆಬೆನ್ನೂರಿನ ಇಂಗ್ಲಿಷ್ ಶಾಲೆಗೆ ಹಾಕಿದಾಗ, ದಿನಾ ಟ್ರೇನಿನಲ್ಲಿ ಹುಡುಗಿ ಒಬ್ಬಳೇ ಹೇಗೆ ಹೋಗುವುದು ಎಂದು ಅವರ ಮನೆಯಲ್ಲಿ ಚಿಂತೆಯಾಯಿತು. ಸಾವಕಾರರು ಶಾಲೆಯವರಿಗೆ ಒಂದು ಮಾತು ಹೇಳಿ ನನ್ನನ್ನೂ ಸೇರಿಸಿದರು. ಊರವರೆಲ್ಲ ಅಮ್ಮಿಯ ನಸೀಬು ಹೊಗಳಿದರು. ನಾನು ಅವಳ ಜೊತೆಗೆಂದು ಹೋದವಳು, ಓದಲಿಕ್ಕೆಂದು ಹೋದವಳಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ದಿನ ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಅವಳು ತನ್ನ ಚೀಲವನ್ನು ನನ್ನ ಕಡೆ ಚಾಚಿದಳು, ನಾನು ಹಿಡಿದುಕೊಂಡೆ, ಅಷ್ಟರಲ್ಲಿ ಎಲ್ಲ ಹೇಳಿದಂತಾಯಿತು.

ಶನಿವಾರ ಅರ್ಧ ದಿನ ಶಾಲೆ. ಸಂಜೆಯ ಟ್ರೇನಿಗೆ ಇನ್ನೂ ಹೊತ್ತು ಇರುತ್ತಿತ್ತು. ಶಾಲೆಯ ಹಿಂದಿನ ಓಣಿಯಲ್ಲೇ ಒಬ್ಬ ಗೆಳತಿಯ ಮನೆ, ಫೋನು ಅವಳದು. ಅವಳಣ್ಣ ಇಡೀ ಸರಣಿಯನ್ನು ಹಿಂದಿ ಮಾತಿನಲ್ಲಿ ಇಳಿಸಿಕೊಟ್ಟಿದ್ದ. ಕೆಳಗಿನಿಂದ ಅವರವ್ವ ಮಂಡಕ್ಕಿ ಕಲಸಿ ಗಿರ್ಮಿಟ್ಟು ಮಾಡಿ ತರುತ್ತಿದ್ದರು. ಕೋಣೆಯಲ್ಲಿ ಒಂದು ಮಂಚ. ಮಂಚದ ಮೇಲೆ ಯಾರು ಕೂರಬೇಕು ಎನ್ನುವುದಕ್ಕೆ ಫೋನಿನವಳು ಒಂದು ಕಾನೂನು ಮಾಡಿದಳು. ಶಕ್ತಿ ಇದ್ದವರು ಮೇಲೆ, ಖಾಲಿಯವರು ಬಾಗಿಲ ಬಳಿ.

ಅವರ ಶಕ್ತಿಗಳನ್ನು ಕೇಳಿ. ಸಾವಕಾರರ ಮಗಳಿಗೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಮೊದಲೇ ತಿಳಿಯುತ್ತಿತ್ತಂತೆ. ನಮ್ಮ ಕಡೆ ಆ ಶಕ್ತಿ ಹಾದಿಯ ಎಮ್ಮೆಗೂ ಇದೆ. ಇನ್ನೊಬ್ಬಳು ಮೆಟ್ಟಿಲ ಸದ್ದಿನಲ್ಲೇ ಬರುವವರು ಯಾರೆಂದು ಹೇಳುತ್ತಿದ್ದಳು, ಆ ಮೆಟ್ಟಿಲು ಹತ್ತಿ ಬರುತ್ತಿದ್ದದ್ದು ಗಿರ್ಮಿಟ್ಟಿನ ತಾಟು ಹಿಡಿದ ಫೋನಿನವಳ ಅವ್ವ ಒಬ್ಬರೇ. ಫೋನಿನವಳು ದಿಟ್ಟಿಸಿ ನೋಡಿದರೆ ಎದುರಿನವರು ಕಣ್ಣು ತಗ್ಗಿಸುತ್ತಿದ್ದರು. ಫೋನು ಅವಳದಾದ ಮೇಲೆ ತಗ್ಗಿಸದೆ ಏನು ಮಾಡುತ್ತಾರೆ?

ನಮ್ಮ ಮನೆಯಲ್ಲಿ ಉರ್ದು. ಹಾಗಾಗಿ ಆ ಹಿಂದಿ ನನಗೆ ಸಲೀಸಾಗಿ ತಿಳಿಯುತ್ತಿತ್ತು, ಅವರಿಗೆ ಅರ್ಧಂಬರ್ಧ. ಒಂದೊಂದು ಮಾತನ್ನೂ ನಾನು ಕನ್ನಡದಲ್ಲಿ ಹೇಳಬೇಕಾಗಿತ್ತು. ಇದು ಶಕ್ತಿಯಲ್ಲವೇ ಎಂದು ನಾನೇ ಒಂದು ದಿನ ಕೇಳಿದೆ. "ಅದೇನ್ ಶಕ್ತಿ? ಅದು ನಿಮ್ಮ ಮನಿ ಮಾತು," ಎಂದಳು ಫೋನಿನವಳು. ಅಲ್ಲಿಗೆ ಮುಗಿಯಿತು. ಬಾಗಿಲ ಬಳಿ ಕೂತು, ಮಂಚದ ಮೇಲಿನ ಮೂರು ಬೆನ್ನುಗಳನ್ನು ನೋಡುತ್ತಾ, ನನಗೆ ಕಾಣದ ಕಥೆಯನ್ನು ಕಂಡವರಿಗೆ ಬಿಡಿಸಿ ಹೇಳಿದೆ. ಛತ್ರಿಯವಳ ದನಿ ನನಗೆ ಬಾಯಿಪಾಠವಾಗಿತ್ತು. ಅವಳ ಮುಖ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಶನಿವಾರ ಗಿರ್ಮಿಟ್ಟಿನೊಳಗಿದ್ದ ಒಣಮೆಣಸಿನಕಾಯಿಯನ್ನು ನಾನು ಕಡಿದು ತಿಂದೆ. ಹೊಟ್ಟೆ ಹಸಿದಿತ್ತು, ಬೇರೆ ಕಾರಣವಿರಲಿಲ್ಲ. ಫೋನಿನವಳು ಹೌಹಾರಿದಳು. ಕೆಳಗೆ ಹೋಗಿ ಅಡಿಗೆಮನೆಯಿಂದ ಹಿಡಿ ತುಂಬ ತಂದು ಮುಂದೆ ಸುರಿದಳು. ಎಲ್ಲ ಸುಕ್ಕುಗಟ್ಟಿದ, ಉದ್ದನೆಯ, ನಮ್ಮೂರ ಕಾಯಿ. ಒಂದರ ಮೇಲೊಂದು ತಿಂದೆ. ಕಣ್ಣಲ್ಲಿ ನೀರಿಲ್ಲ, ಮೂಗಲ್ಲಿ ನೀರಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ, ನಮ್ಮ ಮೆಣಸಿನಕಾಯಿಗೆ ಇರುವುದು ಬಣ್ಣ, ಖಾರ ಬಹಳ ಕಡಿಮೆ. ಬಣ್ಣ ನೋಡಿ ಹೆದರುವವರು ಹೊರಗಿನವರು. ರಾಣೆಬೆನ್ನೂರು ಅಷ್ಟು ಹತ್ತಿರವಿದ್ದರೂ ಈ ಹುಡುಗಿಯರು ಅಡಿಗೆಮನೆಗೆ ಕಾಲಿಟ್ಟವರಲ್ಲ, ನನಗೆ ಖಾರ ತಟ್ಟದ ಶಕ್ತಿ ಇದೆ ಎಂದು ನಂಬಿಬಿಟ್ಟರು.

ನನಗೆ ಮಂಚ ಸಿಕ್ಕಿತು. ಶಕ್ತಿಗಳ ಲೆಕ್ಕದಲ್ಲಿ ಫೋನಿನವಳ ನಂತರದ ಜಾಗ ನನ್ನದೇ ಆಯಿತು, ಸಾವಕಾರರ ಮಗಳು ಒಂದು ಮೆಟ್ಟಿಲು ಕೆಳಗಿಳಿದಳು. ಗುಟ್ಟು ಅವಳಿಗೆ ಗೊತ್ತಿತ್ತು. ಮೆಣಸಿನಕಾಯಿ ರಾಶಿಯ ಮೇಲೆ ಜಾರಿ ಆಡಿ ಬೆಳೆದವಳಿಗೆ ಗೊತ್ತಿರದೆ ಇರುತ್ತದೆಯೇ? ಆದರೂ ತುಟಿ ಬಿಚ್ಚಲಿಲ್ಲ. ಆ ಸಂಜೆ ಟ್ರೇನಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು, ಇಳಿಯುವ ಮೊದಲು ಚೀಲ ಮಾತ್ರ ಎಂದಿನಂತೆ ನನ್ನ ತೊಡೆಯ ಮೇಲೆ ಇಟ್ಟಳು. ನನಗೇನೂ ಅನಿಸಲಿಲ್ಲ. ಆ ದಿನ ನಾನು ಛತ್ರಿಯವಳ ಮುಖ ನೋಡಿದ್ದೆ. ದುಂಡು ಮುಖ, ಸಣ್ಣ ಮೂಗು, ನಗುವಾಗ ಮುಂದಿನ ಹಲ್ಲಿನಲ್ಲಿ ಸಂದು. ನಾನು ಅಂದುಕೊಂಡಿದ್ದಕ್ಕಿಂತ ಚೆಲುವಾಗಿದ್ದಳು, ನನಗೆ ಅದು ಬಹಳ ಖುಷಿಯಾಯಿತು.

ಕೊನೆಯ ಕಂತಿನ ಶನಿವಾರ ಬಂತು. ಛತ್ರಿಯವಳನ್ನು ಕೊನೆಯ ಸಲ ಗಾಜಿನ ಯಂತ್ರದಲ್ಲಿ ಕೂರಿಸುವ ಕಂತು. ನಾಲ್ವರೂ ಮಂಚದ ಮೇಲೆ ಕೂತಿದ್ದೆವು. ಸಾವಕಾರರ ಮಗಳು ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಕೊನೆಯ ಕಂತು ನೋಡುವ ಮೊದಲು ಎಲ್ಲರ ಶಕ್ತಿಯನ್ನೂ ಇನ್ನೊಮ್ಮೆ ಅಳೆಯಬೇಕು, ಮೊದಲು ಇವಳದೇ ಆಗಲಿ ಎಂದು ನನ್ನನ್ನು ತೋರಿಸಿದಳು. ಸೋತವರು ಕೆಳಗಿಳಿದು ಹೋಗಬೇಕು, ಬಾಗಿಲ ಬಳಿಯೂ ಕೂರುವಂತಿಲ್ಲ. ಫೋನಿನವಳಿಗೆ ಈ ಮಾತು ಬಲು ಹಿಡಿಸಿತು.

"ನಮ್ಮ ಅಡತ್ಯಾಗಿನ ಕಾಯಿನ ಅದಾವು," ಎಂದು ಸಾವಕಾರರ ಮಗಳು ಪೊಟ್ಟಣ ಬಿಚ್ಚಿದಳು. "ಮೂರು ತಿನ್ನು."

ಗಿಡ್ಡನೆಯ ಕಾಯಿ. ಮೈಯೆಲ್ಲ ನುಣುಪು, ಒಂದು ಸುಕ್ಕಿಲ್ಲ. ಗುಂಟೂರಿನ ಕಡೆಯದು. ನಮ್ಮ ಮಾರ್ಕೆಟ್ಟಿಗೆ ಅದೂ ಬರುತ್ತದೆ, ಕೋಲ್ಡ್ ಸ್ಟೋರೇಜುಗಳಲ್ಲಿ ಅದರ ಚೀಲಗಳೂ ಇರುತ್ತವೆ. ಅದನ್ನು ಬಿಡಿಸುವ ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಆ ಕೋಣೆಯಲ್ಲಿ ಇದು ನಮ್ಮ ಕಾಯಿಯಲ್ಲ ಎಂದು ತಿಳಿದವರು ನಾವಿಬ್ಬರೇ. ಹೇಳಿದರೆ, ಹಾಗಾದರೆ ಇಷ್ಟು ದಿನ ತಿಂದದ್ದು ಏನು ಎಂಬ ಪ್ರಶ್ನೆ ಬರುತ್ತದೆ. ಅವಳು ಅದನ್ನೆಲ್ಲ ಲೆಕ್ಕ ಹಾಕಿಯೇ ತಂದಿದ್ದಳು, ಅವಳಪ್ಪನ ಮಗಳಲ್ಲವೇ.

ತಿಂದೆ. ಮೊದಲನೆಯದು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಕಿವಿಯೊಳಗೆ ಉರಿ ಎದ್ದಿತು. ಎರಡನೆಯದಕ್ಕೆ ನಾಲಿಗೆ ನನ್ನದಲ್ಲ ಅನಿಸಿತು. ಕಣ್ಣಲ್ಲಿ ನೀರು ಬಂದರೆ ಸೋತಂತೆ, ಅದು ಕಾನೂನು. ನಾನು ಕತ್ತೆತ್ತಿ ಫ್ಯಾನಿನ ಗಾಳಿಗೆ ಕಣ್ಣು ಅಗಲಿಸಿ ಕೂತೆ, ಬಂದ ನೀರು ಬಂದಲ್ಲೇ ಆರಲಿ ಎಂದು. ಸಾವಕಾರರ ಮಗಳಿಗೆ ಅದು ತಿಳಿಯಿತು. ಈಗ ಕರೆಂಟ್ ಹೋಗುತ್ತದೆ ಎಂದಳು. ಆ ಒಂದು ದಿನ ಕರೆಂಟ್ ಅವಳ ಮಾತು ಕೇಳಲಿಲ್ಲ. ಮೂರನೆಯದನ್ನು ಅಗಿಯದೆ ನುಂಗಿದೆ. ಹೊಟ್ಟೆಯೊಳಗೆ ಅದು ಎಲ್ಲಿ ಇಳಿಯುತ್ತಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ನೀರು ಕೇಳಲಿಲ್ಲ. ಫೋನಿನವಳು ನನ್ನ ಮುಖಕ್ಕೆ ಮುಖ ತಂದು, ಎರಡೂ ಕಣ್ಣಿನ ಕೆಳಗೆ ಬೆರಳಾಡಿಸಿ ಒಣಗಿದೆ ಎಂದು ಸಾರಿದಳು. ನಾನು ಗೆದ್ದಿದ್ದೆ.

ಆಮೇಲೆ ಉಳಿದವರನ್ನು ಅಳೆಯುವುದನ್ನು ಬಿಟ್ಟು ಫೋನಿನವಳು ಕಂತು ಹಚ್ಚಿ, ಹೇಳು ಎಂದಳು.

ಉರಿಯುವ ಬಾಯಲ್ಲಿ ನಾನು ಇಡೀ ಕಂತನ್ನು ಕನ್ನಡದಲ್ಲಿ ಹೇಳಿದೆ. ತುಟಿ ಊದಿ ಮಾತು ತೊದಲುತ್ತಿತ್ತು, ಅವರು ನಗುತ್ತಿದ್ದರು. ಪರದೆಯ ಮೇಲೆ ಛತ್ರಿಯವಳು ಯಂತ್ರದೊಳಗೆ ಕೂತಳು. ದೀಪ ಹತ್ತಲಿಲ್ಲ. ಅವಳು ಎದ್ದು ಹೊರಬಂದಳು, ಮಳೆ ಶುರುವಾಯಿತು, ಯಾರೋ ಕೈಗೆ ಛತ್ರಿ ಕೊಟ್ಟರು. ಗೇಟಿನಿಂದ ಆ ದೊಡ್ಡ ನಾಯಕಿ ಬಂದಳು. ಆಗ ನನಗೆ ತಿಳಿಯಿತು. ಇದು ಮೂಲ ಕಥೆಯ ಅದೇ ಅರ್ಧ ನಿಮಿಷ. ಇಡೀ ಸರಣಿ ನಡೆದದ್ದು ಅವಳನ್ನು ಅಲ್ಲಿಗೆ ತಂದು ನಿಲ್ಲಿಸುವುದಕ್ಕೆ. ಮೂಲ ಕಥೆಯಲ್ಲಿ ಅವಳು ಛತ್ರಿ ಹಿಡಿದಿದ್ದಾಳೆ, ಆದ್ದರಿಂದ ಇಲ್ಲೂ ಹಿಡಿಯಲೇಬೇಕು. ಮೂಲದಲ್ಲಿಲ್ಲದ ಮಾತೊಂದನ್ನು ಮಾತ್ರ ಇಲ್ಲಿ ಸೇರಿಸಿದ್ದರು, ನೀನು ಯಾರು ಎಂದು ನಾಯಕಿ ಕೇಳುತ್ತಾಳೆ. ಛತ್ರಿಯವಳು ಹೇಳಿದ ಮಾತನ್ನು ನಾನು ಸಿಟ್ಟಿನಿಂದಲೇ ಕನ್ನಡಕ್ಕೆ ತಂದೆ. "ಯಾರೂ ಅಲ್ಲ. ನೀವು ನಡೀರಿ, ನೆನೀತೀರಿ."

ಮಂಚದ ಮೇಲೆ ಎಲ್ಲರೂ ಚಪ್ಪಾಳೆ ಹೊಡೆದರು. ಬಹಳ ಛಲೋ ಆಯಿತು ಎಂದರು. ಸಾವಕಾರರ ಮಗಳು ಚಪ್ಪಲಿ ಮೆಟ್ಟಿಕೊಂಡು, ತನ್ನ ಚೀಲವನ್ನು ನನ್ನ ಕಡೆ ಚಾಚಿದಳು. "ಹಿಡಿ. ಟ್ರೇನಿಗೆ ಹೊತ್ತಾತು."

ಹಿಡಿದೆ. ಸ್ಟೇಷನ್ನಿನವರೆಗೂ ಹೊತ್ತೆ. ಟ್ರೇನಿನಲ್ಲಿ ಸೀಟಿನ ಕೆಳಗೆ, ಗೋಡೆಗೆ ಒತ್ತಿ ಇಟ್ಟೆ. ಬ್ಯಾಡಗಿ ಬಂದಾಗ ನನ್ನ ಚೀಲ ಮಾತ್ರ ಹೆಗಲಿಗೆ ಹಾಕಿ ಇಳಿದೆ. ಅವಳು ಹಿಂತಿರುಗಿ ನೋಡುವ ರೂಢಿಯವಳಲ್ಲ, ಕೈ ಬೀಸಿಕೊಂಡು ಮುಂದೆ ನಡೆದಳು. ಟ್ರೇನು ಅವಳ ಚೀಲವನ್ನು ಹೊತ್ತುಕೊಂಡು ಹಾವೇರಿಯ ಕಡೆ ಹೊರಟಿತು. ಕೊನೆಯ ಡಬ್ಬಿ ಮರೆಯಾಗುವವರೆಗೂ ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೋಡಿದೆ. ನನಗೆ ಇವತ್ತಿಗೂ ಅದು ತಪ್ಪು ಅನಿಸಿಲ್ಲ.

ಚೀಲ ಹಾವೇರಿಯಲ್ಲಿ ಸಿಕ್ಕಿತು, ಏನೂ ಕಳೆದಿರಲಿಲ್ಲ. ಆದರೆ ಕೇಳಿದವರಿಗೆ ನಾನು ಮರೆತೆ ಎಂದು ಹೇಳಲಿಲ್ಲ, ಬೇಕೆಂದೇ ಬಿಟ್ಟೆ ಎಂದೆ. ಸೋಮವಾರ ಬೆಳಿಗ್ಗೆ ಗೋದಾಮಿನ ಬಾಗಿಲಲ್ಲೇ ಅಮ್ಮಿಯನ್ನು ನಿಲ್ಲಿಸಿ, ಇನ್ನು ಬರಬೇಡ ಎಂದರು. ಸಾವಕಾರರ ಹೆಂಡತಿ ಬಹಳ ಮೆತ್ತಗೆ ಮಾತಾಡುವ ಹೆಂಗಸು. ಮೆತ್ತಗೇ ಹೇಳಿದರಂತೆ, ಮಗಳಿಗೆ ಜೊತೆ ಬೇರೆ ಹುಡುಗಿ ಸಿಕ್ಕಿದ್ದಾಳೆ ಎಂದು. ರಾಣೆಬೆನ್ನೂರಿನ ಶಾಲೆಯೂ ಅಲ್ಲಿಗೆ ಮುಗಿಯಿತು. ಅಮ್ಮಿ ಮನೆಗೆ ಬಂದು ನನ್ನ ಕೆನ್ನೆಗೆ ಎರಡು ಬಾರಿಸಿದಳು. ಆಮೇಲೆ ನನ್ನ ತುಟಿಯ ಗುಳ್ಳೆ ನೋಡಿ ಬಾಯಿಗೆ ಬೆಲ್ಲ ಇಟ್ಟಳು. ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ಅನಿಮೆ, ಛತ್ರಿ, ದೀಪ ಎಂದು ನಾನು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ಸುಗ್ಗಿ ಮುಗಿಯುತ್ತಾ ಬಂದಿತ್ತು. ಒಳ್ಳೆಯ ಗೋದಾಮುಗಳಲ್ಲಿ ಹೆಂಗಸರು ತುಂಬಿದ್ದರು. ಅಮ್ಮಿಗೆ ಕೆಲಸ ಸಿಕ್ಕಿದ್ದು ಊರ ಹೊರಗಿನ ಒಂದು ಶೆಡ್ಡಿನಲ್ಲಿ. ಅಲ್ಲಿ ಬಿಡಿಸುತ್ತಿದ್ದದ್ದು ಬರೀ ಗುಂಟೂರು ಕಾಯಿ. ಮೊದಲೂ ಅವಳ ಕೈ ಉರಿಯುತ್ತಿತ್ತು, ಎಣ್ಣೆ ಹಚ್ಚಿದರೆ ನಿಲ್ಲುತ್ತಿತ್ತು. ಈಗಿನ ಉರಿ ಯಾವುದಕ್ಕೂ ನಿಲ್ಲಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿಯಲು ಆಗದೆ ಕೈ ಗಾಳಿಗೆ ಹಿಡಿದು ಕೂರುತ್ತಿದ್ದಳು, ನಾನೇ ತುತ್ತು ಮಾಡಿ ತಿನ್ನಿಸುತ್ತಿದ್ದೆ. ಆ ಉರಿ ಹೇಗಿರುತ್ತದೆ ಎಂದು ಮನೆಯಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ.

ಬ್ಯಾಡಗಿಯ ಸರಕಾರಿ ಶಾಲೆಗೆ ಸೇರುವವರೆಗೆ ನಾನೂ ಶೆಡ್ಡಿಗೆ ಹೋದೆ. ಅಮ್ಮಿ ಬೇಡ ಎಂದಳು, ನಾನು ಕೇಳಲಿಲ್ಲ. ಅವಳ ಪಕ್ಕದಲ್ಲಿ ಬಾಯಿಗೆ ಓಢಣಿ ಕಟ್ಟಿಕೊಂಡು ಕೂತು, ಆ ನುಣುಪು ಕಾಯಿಗಳ ತೊಟ್ಟು ಮುರಿಯತೊಡಗಿದೆ. ಅರ್ಧ ಬುಟ್ಟಿ ಆಗುವಷ್ಟರಲ್ಲಿ ಉಗುರಿನ ಸಂದಿಯೆಲ್ಲ ಉರಿ. ರಾಣೆಬೆನ್ನೂರಿನ ಮಂಚದ ಮೇಲೆ ಒಂದು ಹನಿಯೂ ಬಾರದಂತೆ ಹಿಡಿದಿಟ್ಟ ನೀರು, ಇಲ್ಲಿ ಯಾರೂ ಅಳೆಯದೆ ಇರುವಾಗ ತಾನಾಗಿ ಇಳಿಯಿತು. ನನ್ನ ಕೈ ಕಣ್ಣಿಗೆ ಹೋಯಿತು. ಅಮ್ಮಿ ಮೊಣಕೈಯಿಂದ ಅದನ್ನು ತಡೆದಳು. ಶೆಡ್ಡಿನಲ್ಲಿ ಅವಳು ಎಲ್ಲರಂತೆ ಕನ್ನಡವನ್ನೇ ಆಡುತ್ತಿದ್ದಳು. ನನ್ನ ಮುಖ ನೋಡದೆ, ಬುಟ್ಟಿಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು.

"ಅಳು ಬಂದ್ರ ಅಳು. ಕಣ್ಣು ಮಾತ್ರ ಒರಸ್ಕೋಬ್ಯಾಡ."