ಅಳದ ತವರ

ಕಲಾಯಿ ಖಾಲಾಳಿಗೆ ಹುಬ್ಬುಗಳಿರಲಿಲ್ಲ. ಕೊಟ್ಟೂರಿನ ನಮ್ಮ ಓಣಿಯ ಮೂಲೆಯಲ್ಲಿ ಕಾದ ತಾಮ್ರದ ಪಾತ್ರೆಗಳಿಗೆ ಬಗ್ಗಿ ಬಗ್ಗಿ ತವರದ ಕಲಾಯಿ ಬಳಿಯುತ್ತ, ನವಸಾಗರದ ಬಿಳಿ ಹೊಗೆಯಲ್ಲಿ ಅವು ಎಂದೋ ಸುಟ್ಟುಹೋಗಿದ್ದವು. ಗಂಡ ಸತ್ತಮೇಲೆ ಅವನ ತಿದಿಯನ್ನೂ ಗಿರಾಕಿಗಳನ್ನೂ ತಾನೇ ಹಿಡಿದವಳು. ಸ್ಟೀಲು ಬಂದು ಮನೆಪಾತ್ರೆಗಳು ಕೈಬಿಟ್ಟುಹೋದರೂ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಮದುವೆಯ ದೇಗುಗಳು, ಅಂದರೆ ಬಿರಿಯಾನಿ ಬೇಯಿಸುವ ದೊಡ್ಡ ತಾಮ್ರದ ಪಾತ್ರೆಗಳು, ಅವಳನ್ನೇ ಹುಡುಕಿಕೊಂಡು ಬರುತ್ತಿದ್ದವು.

ಅವಳ ಒಲೆಯ ಪಕ್ಕ ಒಂದು ಕರಿ ಕಲ್ಲಿತ್ತು. ನೋಡಲು ನಿಂಬೆಹಣ್ಣಿನಷ್ಟು; ಎತ್ತಿದರೆ ಕೈ ಜಗ್ಗುತ್ತಿತ್ತು. ಅವಳ ಮಾವ ಎಲ್ಲಿಂದಲೋ ತಂದದ್ದಂತೆ. "ಇದರ ಹೊಟ್ಟ್ಯಾಗ ತವರ ಐತಿ" ಅನ್ನುತ್ತಿದ್ದಳು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಬಾಯಿ. "ಪುರಾವೆ ಏನೈತಿ?"

"ಒಯ್ಯಿ. ನಿಮ್ಮ ಕಾಲೇಜಿನಾಗ ಕೇಳ್ಕೊಂಡು ಬಾ."

ಒಯ್ದೆ. ಸತುವಿನ ತಗಡಿನ ಮೇಲೆ ಕಲ್ಲಿನ ಒಂದು ಚೂರಿಟ್ಟು ಆಮ್ಲ ಹನಿಸಿದಾಗ, ಅದರ ಮೈಗೆ ಬೂದು ಹೊಳಪು ಹತ್ತಿತು. ಕ್ಯಾಸಿಟರೈಟ್, ತವರದ ಅದಿರು ಎಂದರು ಕೆಮಿಸ್ಟ್ರಿ ಮೇಡಂ. ಓಡಿಬಂದು ಹೇಳಿದರೆ ಖಾಲಾ ಕತ್ತೂ ಎತ್ತಲಿಲ್ಲ. "ನೀ ನಂಬಿದ್ದು ಇವತ್ತು, ಬೇಟಾ. ಅದು ತವರ ಆಗಿ ಬಾಳ ದಿನ ಆತು."

ತವರ ಕೊಳ್ಳುವಾಗ ಮಾತ್ರ ಅವಳೂ ಯಾರನ್ನೂ ನಂಬುತ್ತಿರಲಿಲ್ಲ. ಕಡ್ಡಿಯನ್ನು ಕಿವಿಗೆ ಹಿಡಿದು ಬಗ್ಗಿಸುತ್ತಿದ್ದಳು. ಅಪ್ಪಟ ತವರ ಬಗ್ಗುವಾಗ ಕರಕರ ಅನ್ನುತ್ತದೆ; ಸೀಸ ಹೆಚ್ಚು ಬೆರೆತದ್ದು ಬಾಯಿಬಿಡುವುದಿಲ್ಲ. "ಅಳ್ತು, ಒಳ್ಳೇದು" ಎಂದರೆ ಮುಗಿಯಿತು. ಸೀಸ ವಿಷ. ಉಣ್ಣುವ ಪಾತ್ರೆಗೆ ಅದನ್ನು ಬಳಿಯುವುದು ಅವಳ ಪಾಲಿಗೆ ಹರಾಮು.

ಒಂದು ದಿನ ಅವಳು, ತನಗೆ ತವರ ಮಾರುತ್ತಿದ್ದ ಬಜಾರಿನ ಪಾತ್ರೆ ಸಾಹುಕಾರನ ಅಂಗಡಿ ಮುಂದೆ ನಿಂತು ಕೂಗಿದಳು: "ನಿಮ್ಮ ತವರ ಅಳೋದಿಲ್ಲ. ಸೀಸ ಬೆರಸೀರಿ!"

ಜನ ಸೇರಿತು. ಸಾಹುಕಾರ ನಗುತ್ತ ಒಳಗಿಂದ ಒಂದು ಕಡ್ಡಿ ತಂದ. "ಎಲ್ಲಾರೂ ಕೇಳ್ರಿ" ಎಂದು ಅವಳ ಕಿವಿಯ ಹತ್ತಿರವೇ ಬಗ್ಗಿಸಿದ. ಕರಕರ. ಸುತ್ತ ನಿಂತ ನಮಗೆಲ್ಲ ಕೇಳಿಸಿತು.

"ನೋಡ್ರಿ, ಸುಮ್ಮನ ಐತಿ" ಎಂದಳು ಖಾಲಾ.

"ತವರ ಅಳಾಕ ಹತ್ತೈತಿ ಮುದುಕಿ, ನಿನ್ನ ಕಿವಿ ಸತ್ತೈತಿ!"

ನಗು ಎದ್ದಿತು. ಅವಳು ಒಂದೊಂದೇ ಮುಖ ನೋಡುತ್ತ ಕೊನೆಗೆ ನನ್ನದಕ್ಕೆ ಬಂದಳು. ಸುಳ್ಳು ಹೇಳಲಾಗಲಿಲ್ಲ. "ಅಳ್ತು, ಖಾಲಾ" ಎಂದು ಸನ್ನೆ ಮಾಡಿದೆ. ಆಮೇಲೆ ಸಾಹುಕಾರನ ಕಡೆ ತಿರುಗಿದೆ: "ಇವರಿಗೆ ಕಿವಿ ಕೇಳದಿದ್ರ ನಿಮ್ಮ ತವರ ಚೊಕ್ಕ ಆಗತೈತೇನು? ಆರಿಸಿ ತಂದ ಕಡ್ಡಿ ಯಾಕ? ಇವರಿಗೆ ಮಾರಿದ್ದನ್ನ ಬಗ್ಗಸ್ರಿ."

"ಭಾಷಣ ಕಾಲೇಜಿನಾಗ ಮಾಡ್ಹೋಗಲೇ." ಮತ್ತೆ ನಗು.

ಓಣಿಗೆ ಮರಳಿ, ಅವಳ ಡಬ್ಬಿಯಲ್ಲಿದ್ದ ಕಡ್ಡಿಗಳನ್ನೆಲ್ಲ ನನ್ನ ಕಿವಿಗೇ ಹಿಡಿದು ಬಗ್ಗಿಸಿದೆ. ಒಂದೂ ಅಳಲಿಲ್ಲ. ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದರೆ ಸಾಹುಕಾರ ಕೇಳಿದ: "ಇವು ನಮ್ಮ ಅಂಗಡೀವ ಅಂತ ಏನ್ ಗ್ಯಾರಂಟಿ?" ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ, ಅದಕ್ಕೇ ಮೈ ಉರಿಯಿತು. ಅವಳ ಕಿವಿ ಹೋಗಿದ್ದೂ ನಿಜ, ಅವನ ತವರ ಕೆಟ್ಟಿದ್ದೂ ನಿಜ. ಬಜಾರಿಗೆ ಒಂದು ನಿಜ ಸಾಕಾಗಿತ್ತು.

"ನಾ ಕೇಳಿ ಹೇಳ್ತೀನಿ, ನೀವು ಕಲಾಯಿ ಹಾಕ್ರಿ" ಎಂದು ಖಾಲಾಳ ಕಿವಿಗೆ ಬಾಯಿಟ್ಟು ಕೂಗಿದೆ.

"ನಿನ್ನ ಕಿವಿ ನಂಬಿ ಊರಿಗೆ ಉಣ್ಣಾಕ ಹಾಕ್ಲೇನು?" ಎಂದಳು. ಒಲೆಗೆ ನೀರು ಸುರಿದಳು. ಸಾಹುಕಾರ ತನ್ನ ಅಂಗಡಿಯ ಹಿಂದೆಯೇ ಕಲಾಯಿ ಕೆಲಸ ಶುರುಮಾಡಿದ.

ಈಚೆಗೆ ಖಾಲಾ ತೀರಿಕೊಂಡಳು. ಅವಳ ಹೆಸರಿನ ಊಟದ ದಿನ ಅವಳ ಮಗಳು ಆ ಕರಿ ಕಲ್ಲನ್ನು ನನ್ನ ಕೈಗಿಟ್ಟಳು, ಜೇಬಿಗೆ ಹಾಕಿಕೊಂಡೆ. ಅಂಗಳದಲ್ಲಿ ದೇಗು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಒಳ ಅಂಚನ್ನು ಕರವಸ್ತ್ರದಿಂದ ಒರೆಸಿದೆ. ಬಟ್ಟೆಗೆ ಕರಿ ಗೀರು ಹತ್ತಿತು. ಸೀಸ ಬೆರೆತ ಕಲಾಯಿ ಹೀಗೆ ಹತ್ತುತ್ತದೆ ಅನ್ನುತ್ತಿದ್ದಳು ಖಾಲಾ; ಅವಳ ಕಲಾಯಿ ಎಂದೂ ಬಟ್ಟೆಗೆ ಹತ್ತಿದ್ದಿಲ್ಲ.

"ಇದಕ್ಕ ಕಲಾಯಿ ಯಾರು ಹಾಕಿದ್ರು?"

"ಸಾಹುಕಾರ್ರು ಪುಕ್ಕಟೆ ಹಾಕಿಸಿಕೊಟ್ರು, ಖಾಲಾನ ಹೆಸರಿಗೆ" ಎಂದ ಅಡುಗೆಯವ. "ದೊಡ್ಡ ಮನಸ್ಸು."

ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳಿದೆ: "ಉಣ್ಣಬ್ಯಾಡ್ರಿ. ದೇಗಿನಾಗ ಸೀಸ ಐತಿ."

"ಪುರಾವೆ ಏನೈತಿ, ತಮ್ಮಾ?" ಎಂದರು ಯಾರೋ, ತುತ್ತು ಕಲಸುತ್ತಲೇ. ಜೇಬಿನ ಕಲ್ಲು ಅಂಗಿಯನ್ನು ಕೆಳಕ್ಕೆ ಜಗ್ಗುತ್ತಿತ್ತು.