ಹಣಮಂತರಾಯರು ಸೇಂದಿ ತಂದದ್ದು

ಹೈದರಾಬಾದಿನ ಕುಷಾಯಿಗೂಡದ ಹಣಮಂತರಾಯರು ಹದಿನೆಂಟು ವರ್ಷದ ನೌಕರಿಯಲ್ಲಿ ಒಂದು ದಿನವೂ ಕಾರ್ಖಾನೆಗೆ ತಡವಾಗಿ ಹೋದವರಲ್ಲ, ಚಹಾ ಬಿಟ್ಟರೆ ಬೇರೆ ಚಟ ಕಂಡವರಲ್ಲ. ಅಂಥವರು ೧೯೮೬ರ ಒಂದು ಶನಿವಾರ ಮಧ್ಯಾಹ್ನ ಹಾಲಿನ ಕ್ಯಾನು ಹಿಡಿದು ಸೇಂದಿ ಹುಡುಕಲು ಹೊರಟರು. ಮಗ ಮಲ್ಲಣ್ಣನಿಗಾಗಿ.

ಮಲ್ಲಣ್ಣ ಬಿ.ಕಾಂ. ಪಾಸು, ವಯಸ್ಸು ಇಪ್ಪತ್ತೇಳು, ಕೆಲಸವಿಲ್ಲ. ಯಾರ ತಪ್ಪು ಎಂದು ಕೇಳಿದರೆ ರಾಯರು ತಮ್ಮ ಎದೆಯನ್ನೇ ಮುಟ್ಟಿ ತೋರಿಸುತ್ತಿದ್ದರು. ಹುಡುಗನಿಗೆ ಹತ್ತು ತುಂಬುವಷ್ಟರಲ್ಲಿ ಬಾಯಿ ತೆರೆದರೆ ತೆಲುಗು, ಇಲ್ಲವೇ ಹಿಂದಿ. ಮನೆಯ ಕನ್ನಡ ಹೋಗಿಬಿಡುತ್ತದೆಂದು ಹೆದರಿ, ಅವನನ್ನು ಸುರಪುರದಲ್ಲಿ ತಮ್ಮ ಅಕ್ಕ ಅಂಬುಬಾಯಿಯ ಮನೆಯಲ್ಲಿಟ್ಟು ಮೆಟ್ರಿಕ್‌ವರೆಗೆ ಕನ್ನಡ ಶಾಲೆಯಲ್ಲಿ ಓದಿಸಿದರು. ಮಗಳು ಶೋಭಾ ಹೇಗೂ ಕೊಟ್ಟ ಮನೆಗೆ ಹೋಗುವವಳು, ಇಲ್ಲೇ ತೆಲುಗು ಶಾಲೆ ಸಾಕೆಂದರು.

ಮಲ್ಲಣ್ಣ ಮೆಟ್ರಿಕ್ ಮುಗಿಸಿ ಬಂದ ವರ್ಷವೇ ಹೊಸ ಕಾಯಿದೆ ಬಂತು. ಮೆಟ್ರಿಕ್‌ವರೆಗಿನ ಕೊನೆಯ ನಾಲ್ಕು ವರ್ಷ ಇಲ್ಲಿ ಓದಿದವರೇ ಸ್ಥಳೀಯರು, ಸರ್ಕಾರಿ ನೌಕರಿ ಮೊದಲು ಅವರಿಗೆ. ಶೋಭಾ ಸ್ಥಳೀಯಳಾಗಿ ಟೈಪಿಸ್ಟ್ ಕೆಲಸ ಹಿಡಿದಳು. ಮಲ್ಲಣ್ಣ ಅಪ್ಪನ ಮನೆಯಲ್ಲೇ ಪರಸ್ಥಳದವನಾದ. ಗುಲಬರ್ಗಾದಲ್ಲಿ ಅರ್ಜಿ ಹಾಕಿದರೆ, ನಿಮ್ಮ ಮನೆ ಹೈದರಾಬಾದಲ್ಲವೇ ಎಂದು ತಿರುಗಿಸಿ ಕಳಿಸಿದರು. ಕನ್ನಡದ ಅಭಿಮಾನಕ್ಕೆ ಹುಡುಗನನ್ನು ಎಡಬಿಡಂಗಿ ಮಾಡಿಟ್ಟಂತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಐದಾರು ವರ್ಷ ಅರ್ಜಿಗಳಲ್ಲೇ ಹೋದವು. ಆಮೇಲೆ ಸೇಂದಿ, ಮೊದಲು ಭಾನುವಾರ ಗೆಳೆಯರ ಜೊತೆ, ಬರಬರುತ್ತ ದಿನಾಲೂ ಒಬ್ಬನೇ. ಹೆಸರಿಗೆ ಈಚಲ ಮರದ ಹೆಂಡ, ಒಳಗೆ ನಿದ್ದೆ ಗುಳಿಗೆಯ ಪುಡಿ. ಆ ಬುಧವಾರ ಅಬಕಾರಿಯವರು ಸುತ್ತಲಿನ ಸೇಂದಿ ಅಂಗಡಿಗಳಿಗೆಲ್ಲ ಬೀಗ ಹಾಕಿದರು. ಶುಕ್ರವಾರಕ್ಕೆ ಮಲ್ಲಣ್ಣನ ಕೈಕಾಲು ನಡುಗತೊಡಗಿದವು, ಶನಿವಾರ ಬೆಳಿಗ್ಗೆ ಫಿಟ್ಸ್ ಬಂತು. ಡಾಕ್ಟರು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು ಸೋಮವಾರವೇ, ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಸ್ವಲ್ಪ ಸ್ವಲ್ಪ ಕುಡಿಸಿ ಎಂದರು.

"ನೀವ ಹೋಗ್ರಿ," ಎಂದಳು ಹೆಂಡತಿ ಗುರುಬಾಯಿ, ಕ್ಯಾನು ತೊಳೆದು ಕೊಡುತ್ತ. "ನಾ ಹೆಣ್ಮಗಳು, ಎಲ್ಲಿ ಸಿಗತೈತಿ ಅಂತ ಯಾರನ್ನ ಕೇಳ್ಲಿ?"

ಎರಡು ಬಸ್ಸು ಬದಲಿಸಿ, ಊರಾಚೆ ತೆರೆದಿದ್ದ ಒಂದು ಅಂಗಡಿ ಹುಡುಕಿದರು. ಹಣೆಯ ವಿಭೂತಿ ನೋಡಿದ ಅಂಗಡಿಯವನು, ಗುಡಿಯ ಚಂದಾಕ್ಕೆ ಬಂದವರೆಂದು ಎದ್ದು ಕೈಮುಗಿದ. ರಾಯರು ನೆಲ ನೋಡುತ್ತ ತೆಲುಗಿನಲ್ಲಿ ಒಂದು ಸೇರು ಕೇಳಿದರು. ಅವನು ಮುಗಿದ ಕೈ ಇಳಿಸಿ ಅಳೆದುಕೊಟ್ಟ. ಬರುವಾಗ ಬಸ್ಸಿನಲ್ಲಿ ವಾಸನೆಗೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ನಾಚಿಕೆಪಡಲೂ ರಾಯರಲ್ಲಿ ತ್ರಾಣವಿರಲಿಲ್ಲ.

ಮನೆಯಲ್ಲಿ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು, ಚಿಕ್ಕಂದಿನಲ್ಲಿ ಔಷಧ ಕುಡಿಸಿದಂತೆ ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ನಡುಕ ಇಳಿದು ಮಲ್ಲಣ್ಣ ಎದ್ದು ಕೂತ. ಎಷ್ಟೋ ವರ್ಷದಿಂದ ಮಗನಿಗೆ ಹೇಳದೆ ಇಟ್ಟುಕೊಂಡದ್ದು ರಾಯರ ಬಾಯಿಂದ ಹೊರಬಿತ್ತು.

"ತಪ್ಪು ನಂದಪಾ. ನಿನ್ನ ಆ ಊರಿಗೆ ಕಳಸಬಾರದಿತ್ತು."

ಬೈಯಲಿ, ಒಮ್ಮೆ ಬೈದರೆ ತಮಗೂ ಹಗುರಾದೀತು ಎಂದು ಕಾದರು. ಮಲ್ಲಣ್ಣನಿಗೆ ಅವರು ಹೇಳಿದ್ದು ಅರ್ಥವಾದಂತೆ ಕಾಣಲಿಲ್ಲ.

"ಅಲ್ಲಿ ಭಾಳ ಚಲೋ ಇದ್ದೆನ್ರಿ ಅಪ್ಪಾ," ಎಂದ. "ಅತ್ತಿ ಹಿಟ್ಟಿನ ಗಿರಣಿ ನೀನ ನಡಸು ಅಂದಿದ್ಲು. ವಾಪಸ್ ಯಾಕ ಕರದ್ರಿ?"

ಹನ್ನೊಂದು ವರ್ಷ ರಾಯರು ಕಳಿಸಿದ ದಿನಕ್ಕೆ ಶಾಪ ಹಾಕಿಕೊಂಡಿದ್ದರು. ಕರೆಸಿಕೊಂಡ ದಿನ ಅವರಿಗೆ ನೆನಪೂ ಇರಲಿಲ್ಲ.

"ಡಿಗ್ರಿ ಓದಲಿ ಅಂತ," ಎಂದರು.

ಮಲ್ಲಣ್ಣ ಖಾಲಿ ಲೋಟ ಮುಂದೆ ಹಿಡಿದ. ರಾಯರು ಕ್ಯಾನು ಬಗ್ಗಿಸಿ ಇನ್ನಷ್ಟು ಹೊಯ್ದರು.